ವೀಸಾ ಬೇಡ, ಗುರುತು ಬೇಕು: ನೇಪಾಳ-ಭೂತಾನ್ ಪ್ರಯಾಣ ಮತ್ತು ಹಾವೇರಿ ಸೀಮೆಯ ನಮ್ಮ ಜನ

ಭಾರತದ ಪ್ರಜೆಯೊಬ್ಬ ಪಾಸ್‌ಪೋರ್ಟ್ ಇಲ್ಲದೆ, ವೀಸಾ ಇಲ್ಲದೆ ಕಾಲಿಡಬಹುದಾದ ದೇಶಗಳು ಜಗತ್ತಿನಲ್ಲಿ ಎರಡೇ. ಒಂದು ನೇಪಾಳ, ಇನ್ನೊಂದು ಭೂತಾನ್. ಈ ಮಾತು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಜನರಿಗೆ ಹೊಸದೇನಲ್ಲ. ಕಾಶಿ, ಗಯಾ, ಅಯೋಧ್ಯೆಗೆ ಹೋಗುವ ಯಾತ್ರೆಯ ಬಸ್ಸುಗಳು ಅಲ್ಲಿಂದ ಮುಂದೆ ಗೋರಖಪುರ ದಾಟಿ, ಸುನೌಲಿ ಗಡಿಯ ಮೂಲಕ ಲುಂಬಿನಿ, ಪೊಖರಾ, ಪಶುಪತಿನಾಥಕ್ಕೆ ಹೋಗಿಬರುವುದು ಹಲವು ವರ್ಷಗಳಿಂದ ನಡೆದುಬಂದಿದೆ. 2022ರ ನವೆಂಬರ್‌ನಲ್ಲಿ ಕಾಶಿ ದರ್ಶನದ ಭಾರತ ಗೌರವ ರೈಲು ಆರಂಭವಾದ ಮೇಲೆ, ರಾಜ್ಯ ಸರ್ಕಾರದ ಸಹಾಯಧನವೂ ಸೇರಿ, ಉತ್ತರದ ದಾರಿ ಬಡವರಿಗೂ ತುಸು ಹತ್ತಿರವಾಗಿದೆ. ಕಾಶಿಗೆ ಹೋದವರಿಗೆ "ಇಷ್ಟು ದೂರ ಬಂದಿದ್ದೇವೆ, ನೇಪಾಳವನ್ನೂ ನೋಡಿಬಿಡೋಣ" ಎನಿಸುವುದು ಸಹಜ. ನಮ್ಮ ಧರ್ಮಕೇಂದ್ರಗಳಿಂದ ಪ್ರವಾಸ ಹೋಗುವ ಯುವಜನರೂ ಸ್ತ್ರೀ ಸಂಘಟನೆಗಳವರೂ ಈಗ ಅದೇ ದಾರಿಯ ಬಗ್ಗೆ ವಿಚಾರಿಸುತ್ತಿದ್ದಾರೆ.

ಆದರೆ "ವೀಸಾ ಬೇಡ" ಎಂಬ ಮಾತನ್ನು ನಮ್ಮವರು "ಏನೂ ಬೇಡ" ಎಂದು ಅರ್ಥ ಮಾಡಿಕೊಳ್ಳುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಮುಕ್ತ ಗಡಿ ಎಂದರೆ ಗುರುತಿಲ್ಲದ ಗಡಿ ಅಲ್ಲ. ಯಾವ ಚೀಟಿ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ, ಏಕೆ ಸಲ್ಲುವುದಿಲ್ಲ ಎಂಬುದನ್ನು ತಿಳಿಯದೆ ಹೊರಟವರು ವಿಮಾನ ನಿಲ್ದಾಣದಿಂದ ವಾಪಸಾಗಬೇಕಾಗುತ್ತದೆ. ಇದೇ ಒಪ್ಪಂದಕ್ಕೆ ಇನ್ನೊಂದು ಮುಖವೂ ಇದೆ. ನಮಗೆ ಅಲ್ಲಿ ಬಾಗಿಲು ತೆರೆದಿರುವ ಹಾಗೆಯೇ ಅಲ್ಲಿಯವರಿಗೆ ಇಲ್ಲಿ ಬಾಗಿಲು ತೆರೆದಿದೆ. ಆ ಬಾಗಿಲಿನಿಂದ ಬಂದವರು ನಮ್ಮ ಊರುಗಳಲ್ಲೇ ದುಡಿಯುತ್ತಿದ್ದಾರೆ. ಈ ಎರಡನ್ನೂ ಒಟ್ಟಿಗೆ ನೋಡುವುದು ಈ ಬರಹದ ಉದ್ದೇಶ.

ಒಪ್ಪಂದ ಏನು ಹೇಳುತ್ತದೆ?

ಭಾರತ ಮತ್ತು ನೇಪಾಳದ ನಡುವಿನ ಶಾಂತಿ ಮತ್ತು ಸ್ನೇಹ ಒಪ್ಪಂದಕ್ಕೆ 1950ರ ಜುಲೈ 31ರಂದು ಕಠ್ಮಂಡುವಿನಲ್ಲಿ ಸಹಿ ಬಿತ್ತು. ಭಾರತದ ಪರವಾಗಿ ರಾಯಭಾರಿ ಚಂದ್ರೇಶ್ವರ ಪ್ರಸಾದ್ ನಾರಾಯಣ ಸಿಂಗ್, ನೇಪಾಳದ ಪರವಾಗಿ ಅಂದಿನ ರಾಣಾ ಪ್ರಧಾನಿ ಮೋಹನ್ ಶಂಶೇರ್ ಸಹಿ ಹಾಕಿದರು. ಹತ್ತೇ ಕಲಮುಗಳ ಚಿಕ್ಕ ಪತ್ರ ಅದು. ಅದರ ಏಳನೆಯ ಕಲಮು ನಮ್ಮ ವಿಷಯಕ್ಕೆ ಮುಖ್ಯವಾದುದು. ವಾಸ, ಆಸ್ತಿ, ವ್ಯಾಪಾರ, ಸಂಚಾರ ಮುಂತಾದ ವಿಷಯಗಳಲ್ಲಿ ಒಂದು ದೇಶದ ಪ್ರಜೆಗಳಿಗೆ ಇನ್ನೊಂದು ದೇಶದಲ್ಲಿ ಸಮಾನ ಸೌಲಭ್ಯ ಕೊಡಬೇಕು ಎಂಬುದು ಅದರ ಸಾರ. ಅಲ್ಲಿ ಕೊಟ್ಟದ್ದು ಇಲ್ಲಿ, ಇಲ್ಲಿ ಕೊಟ್ಟದ್ದು ಅಲ್ಲಿ ಎಂಬ ಪರಸ್ಪರತೆಯೇ ಅದರ ಅಡಿಪಾಯ.

ಭೂತಾನಿನ ಜೊತೆಗಿನ ಒಪ್ಪಂದ ಇದಕ್ಕೂ ಒಂದು ವರ್ಷ ಹಳೆಯದು. 1949ರ ಆಗಸ್ಟ್ 8ರಂದು ಡಾರ್ಜಿಲಿಂಗ್‌ನಲ್ಲಿ ಸಹಿಯಾದ ಅದನ್ನು 2007ರ ಫೆಬ್ರವರಿಯಲ್ಲಿ ನವದೆಹಲಿಯಲ್ಲಿ ಹೊಸದಾಗಿ ಬರೆಯಲಾಯಿತು.

ನೇಪಾಳದೊಂದಿಗಿನ ಗಡಿಯ ಉದ್ದ 1,751 ಕಿಲೋಮೀಟರ್, ಭೂತಾನಿನೊಂದಿಗಿನದು 699 ಕಿಲೋಮೀಟರ್. ಎರಡನ್ನೂ ಕಾಯುವುದು ಸಶಸ್ತ್ರ ಸೀಮಾ ಬಲ. ನೇಪಾಳದ ಗಡಿಗೆ 2001ರಲ್ಲಿ, ಭೂತಾನಿನ ಗಡಿಗೆ 2004ರಲ್ಲಿ ಈ ಪಡೆಯನ್ನು ನಿಯೋಜಿಸಲಾಯಿತು. ಉತ್ತರಾಖಂಡ, ಉತ್ತರ ಪ್ರದೇಶ, ಬಿಹಾರ, ಪಶ್ಚಿಮ ಬಂಗಾಳ, ಸಿಕ್ಕಿಂ ಈ ಐದು ರಾಜ್ಯಗಳು ನೇಪಾಳಕ್ಕೆ ತಾಗಿಕೊಂಡಿವೆ. ಗಡಿಯ ಆಚೆ-ಈಚೆ ಹೆಣ್ಣು ಕೊಟ್ಟು ತರುವುದು, ಸಂತೆಗೆ ಹೋಗಿಬರುವುದು, ಕೂಲಿಗೆ ಹೋಗುವುದು ನಿತ್ಯದ ಬದುಕು. ಇಂಥ ಜನರ ನಡುವೆ ಪಾಸ್‌ಪೋರ್ಟ್ ಎಂಬ ಗೋಡೆ ಎಬ್ಬಿಸಬಾರದು ಎಂಬುದೇ ಒಪ್ಪಂದದ ವಿವೇಕ.

ಭಾರತದ ಕಾನೂನು ಕೂಡ ಇದನ್ನು ಮಾನ್ಯ ಮಾಡುತ್ತದೆ. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಹಳೆಯ ನಾಲ್ಕು ಕಾಯ್ದೆಗಳ ಜಾಗಕ್ಕೆ ಬಂದಿದೆ. ಅದರ ಜೊತೆ ಹೊರಬಿದ್ದ ವಿನಾಯಿತಿ ಆದೇಶದಲ್ಲಿ ನೇಪಾಳ, ಭೂತಾನ್ ಪ್ರಜೆಗಳು ತಮ್ಮ ಗಡಿಯಿಂದ ನೆಲಮಾರ್ಗವಾಗಿ ಇಲ್ಲವೆ ವಿಮಾನದಲ್ಲಿ ಭಾರತಕ್ಕೆ ಬರಲು ಪಾಸ್‌ಪೋರ್ಟ್-ವೀಸಾ ಬೇಡವೆಂಬ ನಿಯಮವನ್ನು ಉಳಿಸಿಕೊಳ್ಳಲಾಗಿದೆ. ಅವರು ಬೇರೆ ದೇಶದಿಂದ ಬರುವುದಾದರೆ ಮಾತ್ರ ಪಾಸ್‌ಪೋರ್ಟ್ ಬೇಕು. ಚೀನಾ, ಪಾಕಿಸ್ತಾನದಂಥ ಕೆಲವು ಕಡೆಯಿಂದ ಬರುವವರಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ನೆಲದ ದಾರಿ, ಗಾಳಿಯ ದಾರಿ

ಈಗ ನಮ್ಮವರಿಗೆ ಬೇಕಾದ ಮಾತಿಗೆ ಬರೋಣ. ಸುನೌಲಿ, ರಕ್ಸೌಲ್, ಜೋಗಬನಿ, ರೂಪೈಡಿಹಾ, ಪಾನಿಟಂಕಿ ಮುಂತಾದ ಗಡಿ ಊರುಗಳಲ್ಲಿ ನಡೆದೋ, ಬಸ್ಸಿನಲ್ಲೋ ನೇಪಾಳಕ್ಕೆ ಹೋಗುವ ಭಾರತೀಯರಿಗೆ ಪಾಸ್‌ಪೋರ್ಟೂ ಬೇಡ, ವೀಸಾವೂ ಬೇಡ. ಆದರೆ ಸೀಮಾ ಬಲದವರು ಕೇಳಿದಾಗ ತೋರಿಸಲು ಸರ್ಕಾರ ಕೊಟ್ಟ ಫೋಟೊ ಇರುವ ಗುರುತಿನ ಚೀಟಿ ಜೇಬಿನಲ್ಲಿ ಇರಲೇಬೇಕು. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಗಡಿಯ ತಪಾಸಣೆ ಬಿಗಿಯಾದುದನ್ನು ಎಲ್ಲರೂ ಬಲ್ಲರು. ಆ ದಾಳಿಯಲ್ಲಿ ಸತ್ತ 26 ಜನರಲ್ಲಿ ನೇಪಾಳದ ತರುಣನೊಬ್ಬನೂ ಇದ್ದ.

ವಿಮಾನದ ಪ್ರಯಾಣದ ನಿಯಮ ಬೇರೆ. ಅದು ಬೇರೆಯಾದುದಕ್ಕೆ ಒಂದು ಕಾರಣ ಇದೆ. 1999ರ ಡಿಸೆಂಬರ್ 24ರಂದು ಕಠ್ಮಂಡುವಿನಿಂದ ದೆಹಲಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಅಪಹರಿಸಿ ಕಂದಹಾರಕ್ಕೆ ಕೊಂಡೊಯ್ಯಲಾಯಿತು. ವರ್ಷದ ಕೊನೆಯ ದಿನದವರೆಗೆ ಪ್ರಯಾಣಿಕರು ಸೆರೆಯಲ್ಲಿದ್ದರು. ಅಲ್ಲಿಯತನಕ ಹೆಚ್ಚಿನ ವಿಚಾರಣೆ ಇಲ್ಲದೆ ನಡೆಯುತ್ತಿದ್ದ ವಿಮಾನ ಸಂಚಾರಕ್ಕೆ 2000ರ ಅಕ್ಟೋಬರ್‌ನಿಂದ ಗುರುತಿನ ದಾಖಲೆ ಕಡ್ಡಾಯವಾಯಿತು. ಇಂದಿನ ನಿಯಮ ಹೀಗಿದೆ:

– 15ರಿಂದ 65 ವರ್ಷದೊಳಗಿನವರಿಗೆ ಚಾಲ್ತಿಯಲ್ಲಿರುವ ಭಾರತೀಯ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗ ಕೊಟ್ಟ ಮತದಾರರ ಗುರುತಿನ ಚೀಟಿ ಬೇಕು. ಆಧಾರ್ ನಡೆಯುವುದಿಲ್ಲ.

– 65 ದಾಟಿದವರು ಮತ್ತು 15 ವರ್ಷಕ್ಕಿಂತ ಚಿಕ್ಕವರು ವಯಸ್ಸು ಮತ್ತು ಗುರುತು ತಿಳಿಯುವ ಫೋಟೊ ದಾಖಲೆ ತೋರಿಸಬಹುದು. ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ, ಪಡಿತರ ಚೀಟಿ ಇವೆಲ್ಲ ಮೊದಲಿನಿಂದ ಸಲ್ಲುತ್ತಿದ್ದವು. 2019ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಎರಡು ವಯೋಮಾನದವರಿಗೆ ಮಾತ್ರ ಆಧಾರ್ ಕೂಡ ಸಾಕೆಂದು ಹೇಳಿತು.

– 15ರಿಂದ 18ರ ನಡುವಿನ ಮಕ್ಕಳಿಗೆ ಶಾಲೆಯ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರ ಸಲ್ಲುತ್ತದೆ.

– ಕುಟುಂಬವಾಗಿ ಹೋಗುವಾಗ ವಯಸ್ಕರಲ್ಲಿ ಒಬ್ಬರ ಬಳಿ ಪಾಸ್‌ಪೋರ್ಟ್ ಇಲ್ಲವೆ ಮತದಾರರ ಚೀಟಿ ಇದ್ದರೆ, ಉಳಿದವರು ಫೋಟೊ ಹಾಗೂ ಸಂಬಂಧ ತಿಳಿಸುವ ಬೇರೆ ದಾಖಲೆ ತೋರಿಸಬಹುದು.

ಭೂತಾನಿಗೆ ನಿಯಮ ಇನ್ನೂ ಸ್ವಲ್ಪ ಬಿಗಿ. ಜೈಗಾಂವ್ ದಾಟಿ ಫುಂಟ್‌ಶೋಲಿಂಗ್‌ನಲ್ಲಿ ಪ್ರವೇಶ ಪರವಾನಗಿ ಪಡೆಯಬೇಕು. ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ತೋರಿಸಬೇಕು. ಮಕ್ಕಳಿಗಾದರೆ ಪಾಸ್‌ಪೋರ್ಟ್ ಇಲ್ಲವೆ ಜನನ ಪ್ರಮಾಣಪತ್ರ. ಕೊರೊನಾ ನಂತರ 2022ರ ಸೆಪ್ಟೆಂಬರ್‌ನಲ್ಲಿ ಭೂತಾನ್ ಮತ್ತೆ ಬಾಗಿಲು ತೆರೆದಾಗಿನಿಂದ ಭಾರತೀಯ ಪ್ರವಾಸಿಗರು ಒಂದು ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ ಕೊಡುತ್ತಿದ್ದಾರೆ. ಐದು ರಾತ್ರಿ ಉಳಿದರೆ ಒಬ್ಬರಿಗೆ 6,000 ರೂಪಾಯಿ. ನಾಲ್ಕು ಜನರ ಮನೆಗೆ ಇದು ಸಣ್ಣ ಮೊತ್ತವಲ್ಲ. ವೀಸಾ ಬೇಡವೆಂದ ಮಾತ್ರಕ್ಕೆ ಖರ್ಚೂ ಇಲ್ಲವೆಂದಲ್ಲ.

ಕೈಲಾಸ ಮಾನಸ ಸರೋವರಕ್ಕೆ ನೇಪಾಳದ ಮೂಲಕ ಹೋಗುವವರು ಒಂದು ಮಾತು ನೆನಪಿಡಬೇಕು. ನೇಪಾಳದವರೆಗೆ ಮತದಾರರ ಚೀಟಿ ಸಾಕು. ಅದರ ಆಚೆ ಚೀನಾದ ಆಡಳಿತದ ಟಿಬೆಟ್. ಅಲ್ಲಿಗೆ ಪಾಸ್‌ಪೋರ್ಟೂ ಬೇಕು, ಚೀನಾದ ಅನುಮತಿಯೂ ಬೇಕು.

ಆಧಾರ್ ಏಕೆ ಸಾಲದು?

"ಬ್ಯಾಂಕಿಗೆ ಆಧಾರ್, ಸಿಮ್ಮಿಗೆ ಆಧಾರ್, ರೇಷನ್ನಿಗೆ ಆಧಾರ್, ನೇಪಾಳಕ್ಕೆ ಮಾತ್ರ ಏಕೆ ಬೇಡ?" ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಸರಳ. ಆಧಾರ್ ಈ ನೆಲದಲ್ಲಿ ವಾಸಿಸುವವರಿಗೆ ಕೊಡುವ ಸಂಖ್ಯೆ, ಪೌರತ್ವದ ದಾಖಲೆ ಅಲ್ಲ. ವರ್ಷದಲ್ಲಿ 182 ದಿನ ಭಾರತದಲ್ಲಿ ನೆಲೆಸಿದ ವಿದೇಶಿಯೂ ಆಧಾರ್ ಪಡೆಯಬಹುದು. ನೇಪಾಳ, ಭೂತಾನ್ ಪ್ರಜೆಗಳೂ ತಮ್ಮ ದೇಶದ ಪೌರತ್ವ ಪತ್ರ ತೋರಿಸಿ ಅದನ್ನು ಪಡೆಯಲು ಅವಕಾಶ ಇದೆ. ಮತದಾರರ ಚೀಟಿ ಹಾಗಲ್ಲ. ಸಂವಿಧಾನದ 326ನೆಯ ವಿಧಿಯಂತೆ ಮತದಾನದ ಹಕ್ಕು ಭಾರತದ ಪ್ರಜೆಗೆ ಮಾತ್ರ. ಎರಡು ದೇಶಗಳ ನಡುವಿನ ಸೌಲಭ್ಯ ಆ ದೇಶಗಳ ಪ್ರಜೆಗಳಿಗೆ ಮೀಸಲಾದುದರಿಂದ, ಗಡಿಯಲ್ಲಿ ಕೇಳುವ ಪ್ರಶ್ನೆ "ನೀನು ಎಲ್ಲಿ ವಾಸಿಸುತ್ತೀ?" ಎಂದಲ್ಲ, "ನೀನು ಯಾವ ದೇಶದ ಪ್ರಜೆ?" ಎಂದು. ಆ ಪ್ರಶ್ನೆಗೆ ಆಧಾರ್ ಉತ್ತರ ಹೇಳುವುದಿಲ್ಲ.

ಹಾಗಿದ್ದರೆ ನಮ್ಮ ಬಡವರ ಮತದಾರರ ಚೀಟಿಯ ಸ್ಥಿತಿ ಹೇಗಿದೆ? ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೊಟ್ಟು ಬಿಡಿಸುವ ತಾಯಂದಿರನ್ನು ತೆಗೆದುಕೊಳ್ಳೋಣ. ಇಂಥವರ ಹೆಸರು ಒಂದು ಚೀಟಿಯಲ್ಲಿ ತವರಿನ ಮನೆತನದ ಹೆಸರಿನೊಂದಿಗೆ, ಇನ್ನೊಂದರಲ್ಲಿ ಗಂಡನ ಹೆಸರಿನೊಂದಿಗೆ, ಮತ್ತೊಂದರಲ್ಲಿ ಬರೀ "ಅವ್ವ" ಸೇರಿಸಿಕೊಂಡು ಇರುವುದು ನಮ್ಮ ನಾಡಿನಲ್ಲಿ ಸಾಮಾನ್ಯ. ಹುಟ್ಟಿದ ವರ್ಷ ಅಂದಾಜಿನದು. ಮದುವೆಯಾಗಿ ಹಾನಗಲ್ಲಿನಿಂದ ರಾಣೆಬೆನ್ನೂರಿಗೆ ಬಂದವರ ಹೆಸರು ಹಳೆಯ ಊರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಊರಿನಲ್ಲಿ ಇದರಿಂದ ದೊಡ್ಡ ತೊಂದರೆ ಆಗುವುದಿಲ್ಲ, ಏಕೆಂದರೆ ಎಲ್ಲರಿಗೂ ಅವರ ಗುರುತಿದೆ. ಸಾವಿರಾರು ಕಿಲೋಮೀಟರ್ ದೂರದ ವಿಮಾನ ನಿಲ್ದಾಣದ ಮೇಜಿನ ಆಚೆ ಕುಳಿತವನಿಗೆ ಆ ಗುರುತಿಲ್ಲ. ಅವನ ಕಣ್ಣಿಗೆ ಟಿಕೆಟ್ಟಿನ ಹೆಸರು ಬೇರೆ, ಚೀಟಿಯ ಹೆಸರು ಬೇರೆ.

ಇದನ್ನು ಸರಿಪಡಿಸುವುದು ಕಷ್ಟವೇನಲ್ಲ. ತಿದ್ದುಪಡಿಗೆ, ವಿಳಾಸ ಬದಲಾವಣೆಗೆ ನಮೂನೆ 8, ಹೊಸ ಹೆಸರು ಸೇರಿಸಲು ನಮೂನೆ 6. ಮತಗಟ್ಟೆ ಅಧಿಕಾರಿಯ ಬಳಿ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ಕೊಡಬಹುದು. ಮತದಾರರ ಸಹಾಯವಾಣಿಯ ಸಂಖ್ಯೆ 1950. ಒಪ್ಪಂದದ ವರ್ಷವೂ ಅದೇ ಆದ್ದರಿಂದ ನೆನಪಿಡುವುದು ಸುಲಭ. ಪಾಸ್‌ಪೋರ್ಟ್ ಮಾಡಿಸುವವರಿಗೆ ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರ ಇದೆ. ಸಾಮಾನ್ಯ ಅರ್ಜಿಯ ಶುಲ್ಕ 1,500 ರೂಪಾಯಿ.

ಇಲ್ಲಿ ಧರ್ಮಕೇಂದ್ರಗಳ ಕಚೇರಿಗೂ ಸಂಬಂಧಿಸಿದ ಮಾತೊಂದಿದೆ. ಜ್ಞಾನಸ್ನಾನದ ಪ್ರಮಾಣಪತ್ರವನ್ನು ಹಿಂದೆ ಎಷ್ಟೋ ಕಡೆ ವಯಸ್ಸಿನ ಪುರಾವೆಯಾಗಿ ಸ್ವೀಕರಿಸುತ್ತಿದ್ದರು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಾಯಿತು. ಆ ದಿನದ ನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಸರ್ಕಾರಿ ನೋಂದಣಿಯ ಜನನ ಪ್ರಮಾಣಪತ್ರವೊಂದೇ ಪುರಾವೆ. ಆದ್ದರಿಂದ ಮಗುವಿಗೆ ಜ್ಞಾನಸ್ನಾನ ಕೇಳಲು ಬರುವ ತಂದೆ-ತಾಯಿಯರಲ್ಲಿ "ನಗರಸಭೆಯಲ್ಲೋ ಪಂಚಾಯಿತಿಯಲ್ಲೋ ಜನನ ನೋಂದಣಿ ಆಯಿತೆ?" ಎಂದು ಒಂದು ಮಾತು ಕೇಳುವುದು ಧರ್ಮಗುರುಗಳಿಗೂ ಉಪದೇಶಿಗಳಿಗೂ ಹೊರೆಯಾಗದು. ಮಗು ದೊಡ್ಡದಾದಾಗ ಅದರ ಬೆಲೆ ತಿಳಿಯುತ್ತದೆ.

ಮುಕ್ತ ದಾರಿ ಮುಚ್ಚಿದಾಗ

ಗಡಿ ಯಾವಾಗಲೂ ತೆರೆದೇ ಇರುತ್ತದೆ ಎಂದು ನಂಬುವಂತಿಲ್ಲ. 1989ರಲ್ಲಿ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಹೆಚ್ಚಿನ ಸಾಗಣೆ ದಾರಿಗಳು ಮುಚ್ಚಿದವು. 2015ರ ಸೆಪ್ಟೆಂಬರ್‌ನಲ್ಲಿ ನೇಪಾಳ ಹೊಸ ಸಂವಿಧಾನ ಸಾರಿದ ಬೆನ್ನಿಗೆ ಗಡಿಯಲ್ಲಿ ತಿಂಗಳುಗಟ್ಟಲೆ ತಡೆ ನಡೆದು, ಭೂಕಂಪದಿಂದ ಆಗಲೇ ನೊಂದಿದ್ದ ಜನ ಅಡುಗೆ ಅನಿಲಕ್ಕೂ ಔಷಧಿಗೂ ಪರದಾಡಿದರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಎರಡೂ ಕಡೆ ಗಡಿ ಮುಚ್ಚಿತು, ಕೂಲಿಕಾರರು ನಡುದಾರಿಯಲ್ಲಿ ಸಿಕ್ಕಿಕೊಂಡರು. 2025ರ ಸೆಪ್ಟೆಂಬರ್‌ನಲ್ಲಿ ಕಠ್ಮಂಡುವಿನಲ್ಲಿ ಯುವಜನರ ಪ್ರತಿಭಟನೆ ಹಿಂಸೆಗೆ ತಿರುಗಿ ಪ್ರಧಾನಿ ಕೆ. ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟಾಗ ವಿಮಾನ ನಿಲ್ದಾಣವೂ ಮುಚ್ಚಿತ್ತು. ಭಾರತದ ಯಾತ್ರಿಕರು ಅಲ್ಲಲ್ಲೇ ಉಳಿಯಬೇಕಾಯಿತು. ಇಂಥ ಹೊತ್ತಿನಲ್ಲಿ ರಾಯಭಾರ ಕಚೇರಿ ಮೊದಲು ಕೇಳುವುದು ದಾಖಲೆಯನ್ನೇ.

ರಾಣೆಬೆನ್ನೂರು ತಾಲೂಕಿನ ಜನಕ್ಕೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ಚಳಗೇರಿಯವನು. ತಿಂದುಣ್ಣುವುದನ್ನು ತರಲು ಹೊರಗೆ ಹೋಗಿದ್ದಾಗ ಆತ ಸತ್ತ. ಅವನ ದೇಹ ಊರು ಸೇರಿದ್ದು ಮಾರ್ಚ್ 21ರಂದು. ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಇಡೀ ಜಿಲ್ಲೆ ಅಂದು ಅತ್ತಿತು.

ಆ ದಿನಗಳಲ್ಲಿ ಉಕ್ರೇನಿನ ನೆರೆಯ ಗಡಿಗಳಲ್ಲಿ ನಡೆದದ್ದು ನಮ್ಮ ವಿಷಯಕ್ಕೆ ನೇರವಾಗಿ ಹೊಂದುತ್ತದೆ. ಉಕ್ರೇನಿನ ಪ್ರಜೆಗಳಿಗೆ 2017ರಿಂದಲೇ ಯುರೋಪಿನ ಷೆಂಗೆನ್ ದೇಶಗಳಿಗೆ 90 ದಿನಗಳ ಮಟ್ಟಿಗೆ ವೀಸಾ ಇಲ್ಲದೆ ಹೋಗುವ ಸೌಲಭ್ಯ ಇತ್ತು. ಅಲ್ಲಿ ಓದುತ್ತಿದ್ದ ಭಾರತೀಯ ಮಕ್ಕಳಿಗೆ ಆ ಹಕ್ಕು ಇರಲಿಲ್ಲ. ಪೋಲೆಂಡ್, ಹಂಗೇರಿ, ರೊಮೇನಿಯಾ, ಸ್ಲೊವಾಕಿಯಾ ದೇಶಗಳು ದಯೆಯಿಂದ ನಿಯಮ ಸಡಿಲಿಸಿದ್ದರಿಂದ ಅವರು ದಾಟಿದರು. ಆಪರೇಷನ್ ಗಂಗಾದ ಕಾಲದಲ್ಲಿ ಮರಳಿದ ಭಾರತೀಯರು ಸುಮಾರು 22,500 ಎಂದು ಸರ್ಕಾರ ಹೇಳಿದೆ. ಒಪ್ಪಂದದಿಂದ ಬರುವ ಪ್ರವೇಶ ಹಕ್ಕು. ಒಪ್ಪಂದ ಇಲ್ಲದ ಕಡೆ ಸಿಗುವ ಪ್ರವೇಶ ಔದಾರ್ಯ. ಹಕ್ಕು ಇದ್ದವನೂ ತಾನು ಯಾರೆಂದು ತೋರಿಸಬೇಕು. ಔದಾರ್ಯ ಬೇಡುವವನಂತೂ ತೋರಿಸಲೇಬೇಕು.

ಯುರೋಪಿನ ಮಾತು ಬಂದುದರಿಂದ ಇನ್ನೊಂದು ಹೋಲಿಕೆ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಸಣ್ಣ ಹಳ್ಳಿಯಲ್ಲಿ ಐದು ದೇಶಗಳು ಗಡಿ ತಪಾಸಣೆ ಕೈಬಿಡುವ ಒಪ್ಪಂದಕ್ಕೆ ಬಂದವು. ಇಂದು ಅದು ದೊಡ್ಡ ಕೂಟ. ಆದರೂ ಅಲ್ಲಿನ ಪ್ರಜೆ ಪಕ್ಕದ ದೇಶಕ್ಕೆ ಹೋಗುವಾಗ ಪಾಸ್‌ಪೋರ್ಟನ್ನೋ ರಾಷ್ಟ್ರೀಯ ಗುರುತಿನ ಚೀಟಿಯನ್ನೋ ಇಟ್ಟುಕೊಂಡೇ ಹೋಗುತ್ತಾನೆ. ಪಶ್ಚಿಮ ಆಫ್ರಿಕಾದ ದೇಶಗಳು 1979ರಲ್ಲೇ ತಮ್ಮ ಪ್ರಜೆಗಳಿಗೆ 90 ದಿನಗಳ ವೀಸಾರಹಿತ ಪ್ರವೇಶ ಒಪ್ಪಿಕೊಂಡಾಗಲೂ ಪ್ರಯಾಣ ದಾಖಲೆಯ ಷರತ್ತು ಇಟ್ಟಿದ್ದವು.

ಸೌಲಭ್ಯ ಕಡಿಮೆಯಾಗುವುದೂ ಉಂಟು. ಮ್ಯಾನ್ಮಾರ್ ಗಡಿಯಲ್ಲಿ 16 ಕಿಲೋಮೀಟರ್‌ವರೆಗೆ ಗುಡ್ಡಗಾಡಿನ ಜನರು ವೀಸಾ ಇಲ್ಲದೆ ಓಡಾಡುವ ವ್ಯವಸ್ಥೆ ಇತ್ತು. ಅದನ್ನು ಕೈಬಿಡುವುದಾಗಿ ಕೇಂದ್ರ ಗೃಹ ಸಚಿವಾಲಯ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಅದೇ ವರ್ಷದ ಕೊನೆಗೆ 10 ಕಿಲೋಮೀಟರ್ ಮಿತಿ ಮತ್ತು ಗಡಿ ಪಾಸಿನ ಹೊಸ ಕ್ರಮ ಬಂತು. ನೇಪಾಳದ ಒಪ್ಪಂದದ ಮರುಪರಿಶೀಲನೆಗೆ 2016ರಲ್ಲಿ ಎರಡೂ ದೇಶಗಳ ಹಿರಿಯರ ಎಂಟು ಜನರ ತಂಡ ರಚನೆಯಾಗಿ 2018ರಲ್ಲಿ ವರದಿ ಸಿದ್ಧವಾಯಿತು. ಗಡಿ ದಾಟುವವರಿಗೆ ಗುರುತಿನ ಚೀಟಿ ಕಡ್ಡಾಯ ಮಾಡುವ ಸಲಹೆ ಅದರಲ್ಲಿದೆಯೆಂದು ನೇಪಾಳದ ಪತ್ರಿಕೆಗಳು ಬರೆದಿವೆ. ನೆಲದ ದಾರಿಯ ಸಡಿಲಿಕೆಯೂ ಶಾಶ್ವತವಲ್ಲ ಎಂದು ತಿಳಿದಿರುವುದು ಒಳ್ಳೆಯದು.

ಬಾಗಿಲಿನ ಈಚೆ ಕಡೆ

ಇಲ್ಲಿಯವರೆಗೆ ನಾವು ಹೋಗುವ ಮಾತಾಯಿತು. ಬರುವವರ ಮಾತೂ ಆಗಬೇಕು. ಕರ್ನಾಟಕಕ್ಕೂ ನೇಪಾಳಕ್ಕೂ ಇರುವ ನಂಟು ಹೊಸತಲ್ಲ. ಪಶುಪತಿನಾಥ ದೇವಾಲಯದ ಭಟ್ಟರನ್ನು ದಕ್ಷಿಣ ಭಾರತದಿಂದ, ವಿಶೇಷವಾಗಿ ಕರ್ನಾಟಕದಿಂದ ಕರೆಸಿಕೊಳ್ಳುವುದು ಹಳೆಯ ಸಂಪ್ರದಾಯ. 2009ರಲ್ಲಿ ಹೀಗೆ ಹೋದ ನಮ್ಮ ರಾಜ್ಯದ ಇಬ್ಬರು ಅರ್ಚಕರ ಮೇಲೆ ಅಲ್ಲಿ ಹಲ್ಲೆ ನಡೆದಾಗ ಕನ್ನಡಿಗರೆಲ್ಲ ನೊಂದುಕೊಂಡರು. "ಕಾನೂನಿನಂತೆ ಹೋದವರನ್ನು ಹೊರಗಿನವರೆಂದು ಹೊಡೆಯುವುದು ಯಾವ ನ್ಯಾಯ?" ಎಂದು ಕೇಳಿದರು. ಆ ಪ್ರಶ್ನೆ ಸರಿಯಾದುದೇ. ಅದೇ ಪ್ರಶ್ನೆಯನ್ನು ನಾವು ನಮಗೂ ಕೇಳಿಕೊಳ್ಳಬೇಕು.

ಸಂಜೆ ಗೋಬಿ ಮಂಚೂರಿ ಗಾಡಿಯ ಮುಂದೆ ಬಾಣಲೆ ಕುಲುಕುವ ಹುಡುಗ, ಹೆದ್ದಾರಿಯ ಹೋಟೆಲಿನಲ್ಲಿ ರೊಟ್ಟಿ ಬೇಯಿಸುವವನು, ರಾತ್ರಿ ಸೀಟಿ ಊದುತ್ತ ಬೀದಿ ಕಾಯುವ ಗೂರ್ಖಾ ಇವರೆಲ್ಲ ನಮ್ಮ ಪೇಟೆಗಳಿಗೆ ಪರಿಚಿತರು. ಇವರು ಕದ್ದು ಬಂದವರಲ್ಲ. ನಾವು ಯಾವ ಕಲಮಿನ ಬಲದಿಂದ ಪಶುಪತಿನಾಥಕ್ಕೆ ಹೋಗುತ್ತೇವೋ ಅದೇ ಕಲಮಿನ ಬಲದಿಂದ ಅವರು ಇಲ್ಲಿ ದುಡಿಯುತ್ತಾರೆ. ಅವರಿಗೆ ವೀಸಾ ಬೇಡ, ವಾಸಕ್ಕೆ ಅವಧಿಯ ಮಿತಿ ಇಲ್ಲ. ಆದರೆ ನೇಪಾಳದ ಪೌರತ್ವ ಪತ್ರ ಅವರ ಬಳಿ ಇರಬೇಕು. ಎಷ್ಟೋ ಕಡೆ ಆ ಪತ್ರವನ್ನು ಕೆಲಸ ಕೊಟ್ಟ ಧಣಿ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾನೆ. ಅಲ್ಲಿಗೆ ಆ ಹುಡುಗನ ಸಂಚಾರದ ಹಕ್ಕು ಧಣಿಯ ಪೆಟ್ಟಿಗೆ ಸೇರಿದಂತೆಯೇ. ಸಂಬಳ ಬಾಕಿ ಉಳಿದರೂ ಅವನು ಹೋಗಲಾರ, ಪೊಲೀಸರು ಕೇಳಿದರೆ ತೋರಿಸಲಾರ. ಎರಡು ಸರ್ಕಾರಗಳು ಕೊಟ್ಟ ಸ್ವಾತಂತ್ರ್ಯವನ್ನು ಒಬ್ಬ ಮಾಲೀಕ ಕಸಿದುಕೊಂಡ ಹಾಗೆ ಆಗುತ್ತದೆ. ನಮ್ಮ ಜನರಲ್ಲಿ ಹೋಟೆಲ್, ಬೇಕರಿ ನಡೆಸುವವರು ಇದ್ದಾರೆ. ಅವರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಲಿ. ನಕಲು ಪ್ರತಿ ಇಟ್ಟುಕೊಳ್ಳಿ, ಠಾಣೆಗೆ ಮಾಹಿತಿ ಕೊಡಿ, ಮೂಲಪತ್ರ ಮಾತ್ರ ಅವನ ಕೈಯಲ್ಲೇ ಇರಲಿ.

ಮದುವೆಯ ವಿಷಯದಲ್ಲೂ ತಪ್ಪು ತಿಳಿವಳಿಕೆ ಇದೆ. ನೇಪಾಳದ ಹೆಣ್ಣುಮಗಳು ಭಾರತೀಯನನ್ನು ಮದುವೆಯಾದ ಮಾತ್ರಕ್ಕೆ ಭಾರತದ ಪ್ರಜೆಯಾಗುವುದಿಲ್ಲ. 1955ರ ಪೌರತ್ವ ಕಾಯ್ದೆಯಂತೆ ಏಳು ವರ್ಷ ಇಲ್ಲಿ ನೆಲೆಸಿದ ಮೇಲೆ ಅರ್ಜಿ ಹಾಕಿ ನೋಂದಾಯಿಸಿಕೊಳ್ಳಬೇಕು. ಅಲ್ಲಿಯವರೆಗೆ ಅವಳ ವಾಸಕ್ಕೆ ತೊಂದರೆ ಇಲ್ಲ, ಮತದ ಹಕ್ಕು ಇಲ್ಲ. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ನಡೆದಾಗ ಗಡಿ ಜಿಲ್ಲೆಗಳ ಇಂಥ ಸೊಸೆಯಂದಿರು ಚಿಂತೆಗೆ ಬಿದ್ದರು. ನಮ್ಮ ಕಡೆ ಇಂಥ ಮದುವೆಗಳನ್ನು ನಡೆಸಿಕೊಡುವ ಧರ್ಮಗುರುಗಳು ದಂಪತಿಗೆ ಇದನ್ನು ಮೊದಲೇ ತಿಳಿಸಿಹೇಳುವುದು ಲೇಸು.

ಹಾವೇರಿ ಜಿಲ್ಲೆಗೆ ತಾಗಿಕೊಂಡೇ ಮುಂಡಗೋಡಿನ ಟಿಬೆಟನ್ ನೆಲೆ ಇದೆ. 1966ರಿಂದ ಅಲ್ಲಿ ನೆಲೆಸಿದವರಲ್ಲಿ ಹಲವರು ನೇಪಾಳದ ದಾರಿಯಿಂದಲೇ ಭಾರತ ಸೇರಿದವರು. ಆದರೆ ಭಾರತದ ಪೌರತ್ವ ಇಲ್ಲದ ಟಿಬೆಟನ್ನರಿಗೆ 1950ರ ಒಪ್ಪಂದದ ಸೌಲಭ್ಯ ಇಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಎತ್ತಿಹಿಡಿಯಿತು. ಒಂದೇ ಮನೆಯಲ್ಲಿ ಅಣ್ಣನಿಗೆ ಒಂದು ನಿಯಮ, ತಮ್ಮನಿಗೆ ಇನ್ನೊಂದು ನಿಯಮ ಆಗುವುದು ಹೀಗೆ. ಗುರುತಿನ ಚೀಟಿಯ ಬೆಲೆ ಅದಿಲ್ಲದವರನ್ನು ನೋಡಿದಾಗ ಅರ್ಥವಾಗುತ್ತದೆ.

ಹೊರಡುವ ಮುನ್ನ

ನೇಪಾಳ ನಮ್ಮಂಥದೇ ನೆಲ ಎನಿಸಿದರೂ ಅದು ಬೇರೆ ದೇಶ, ಅಲ್ಲಿನ ಕಾನೂನು ಬೇರೆ. ನಮ್ಮ ಓದುಗರು ಮುಖ್ಯವಾಗಿ ತಿಳಿಯಬೇಕಾದುದು ಇದು: 2015ರ ಸಂವಿಧಾನದ 26ನೆಯ ವಿಧಿ ಮತ್ತು 2018ರಿಂದ ಜಾರಿಯಲ್ಲಿರುವ ದಂಡ ಸಂಹಿತೆ ಮತಾಂತರ ಮಾಡುವುದನ್ನು ನಿಷೇಧಿಸುತ್ತವೆ. ತಪ್ಪಿಗೆ ಐದು ವರ್ಷದವರೆಗೆ ಸೆರೆ, ವಿದೇಶಿಯಾದರೆ ಶಿಕ್ಷೆಯ ನಂತರ ಗಡೀಪಾರು. 1951ರಿಂದ ಯೇಸು ಸಭೆಯವರು ಕಠ್ಮಂಡು ಕಣಿವೆಯಲ್ಲಿ ಶಾಲೆಗಳನ್ನು ನಡೆಸಿ ಗೌರವ ಗಳಿಸಿದ್ದಾರೆ, ಅದು ಆ ನಾಡಿನ ನಿಯಮವನ್ನು ಗೌರವಿಸಿ ನಡೆದ ಸೇವೆ. ಪ್ರವಾಸಕ್ಕೆ ಹೋದ ನಮ್ಮ ತಂಡಗಳು ಬೀದಿಯಲ್ಲಿ ಕರಪತ್ರ ಹಂಚಿ ಅಲ್ಲಿನ ಸಣ್ಣ ಕ್ರೈಸ್ತ ಸಮುದಾಯಕ್ಕೆ ಸಂಕಟ ತರಬಾರದು.

ಹಣದ ಬಗ್ಗೆಯೂ ಎಚ್ಚರ ಬೇಕು. 2018ರ ಡಿಸೆಂಬರ್‌ನಲ್ಲಿ ನೇಪಾಳ ನೂರು ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತ್ತು. ಈ ನಿಯಮಗಳು ಬದಲಾಗುತ್ತಿರುವುದರಿಂದ ಹೊರಡುವ ವಾರ ಬ್ಯಾಂಕಿನಲ್ಲಿ ವಿಚಾರಿಸಿ. ನಮ್ಮ ನೂರು ರೂಪಾಯಿಗೆ ಅಲ್ಲಿನ 160 ರೂಪಾಯಿ ಎಂಬ ದರ 1993ರಿಂದ ನಿಂತಿದೆ. ಸ್ವಂತ ವಾಹನ ಒಯ್ಯುವವರು ಗಡಿಯ ಸುಂಕದ ಕಚೇರಿಯಲ್ಲಿ "ಭನ್ಸಾರ್" ಚೀಟಿ ಮಾಡಿಸಬೇಕು.

ಕೊನೆಯ ಎಚ್ಚರಿಕೆ ಕೆಲಸ ಹುಡುಕುವ ತರುಣರಿಗೆ. "ಕಠ್ಮಂಡುವಿಗೆ ಬಾ, ಅಲ್ಲಿಂದ ಗಲ್ಫಿಗೆ ಕಳಿಸುತ್ತೇವೆ" ಎನ್ನುವ ದಲ್ಲಾಳಿಯ ಮಾತು ಕೇಳಬೇಡಿ. ಭಾರತ-ನೇಪಾಳದ ಮುಕ್ತ ಸಂಚಾರ ಆ ಎರಡು ದೇಶಗಳ ನಡುವಿನದು, ಮೂರನೆಯ ದೇಶಕ್ಕೆ ಹಿಂಬಾಗಿಲು ಅಲ್ಲ. ನಮ್ಮ ಕಡೆಯ ತಪಾಸಣೆಯಿಂದ ತಪ್ಪಿಸಿ ಕಳಿಸಿದವನು ನಿಮ್ಮ ಕಷ್ಟಕಾಲದಲ್ಲಿ ಸಿಗುವುದಿಲ್ಲ.

ಧರ್ಮಕೇಂದ್ರಗಳ ಪಾಲನಾ ಸಮಿತಿಗಳಲ್ಲಿ ನಮ್ಮದೊಂದು ವಿನಂತಿ. ಒಂದು ಭಾನುವಾರ ಬಲಿಪೂಜೆಯ ನಂತರ ಎರಡು ಗಂಟೆ ಮೀಸಲಿಡಿ. ಓದುಬರಹ ಬಲ್ಲ ನಾಲ್ವರು ಯುವಕರನ್ನು ಕೂರಿಸಿ. ಮನೆಮನೆಯ ಮತದಾರರ ಚೀಟಿ ತರಿಸಿ, ಹೆಸರು, ಹುಟ್ಟಿದ ವರ್ಷ, ವಿಳಾಸ ಸರಿಯಿದೆಯೇ ನೋಡಿ, ತಪ್ಪಿದ್ದರೆ ನಮೂನೆ ತುಂಬಿಕೊಡಿ. ಜಾತಿ-ಮತ ನೋಡದೆ ಓಣಿಯ ಎಲ್ಲರನ್ನೂ ಕರೆಯಿರಿ, ಬೇಕರಿಯಲ್ಲಿ ದುಡಿಯುವ ನೇಪಾಳದ ಹುಡುಗನನ್ನೂ ಕರೆದು ಅವನ ಪತ್ರ ಯಾರ ಬಳಿ ಇದೆ ಎಂದು ಕೇಳಿ. ಇದಕ್ಕೆ ದೊಡ್ಡ ಖರ್ಚೂ ಇಲ್ಲ, ಯಾರ ಅಪ್ಪಣೆಯೂ ಬೇಡ.